ಮಾಡುವುದಿಲ್ಲವೋ, ಮಾಡಲಾರರೋ? – ಮುಪ್ಪನ್ನು ಅಳೆಯುವ ಕೋಲಿನ ಚರಿತ್ರೆ

ಊರಿನಲ್ಲಿ ತಂದೆತಾಯಿಯರನ್ನು ಬಿಟ್ಟು ದೆಹಲಿಗೆ ಬಂದು ನೆಲೆಸಿದ ನಮ್ಮಂಥವರ ಮನೆಗಳಲ್ಲಿ ವರ್ಷಕ್ಕೊಮ್ಮೆ ನಡೆಯುವ ಸಂಗತಿಯೊಂದಿದೆ. ಚಳಿ ಇಳಿದ ಮೇಲೆ, ಬಿಸಿಲು ಏರುವ ಮೊದಲು, ಊರಿನಿಂದ ತಾಯಿಯೋ ತಂದೆಯೋ ರೈಲಿನಲ್ಲಿ ಬಂದಿಳಿಯುತ್ತಾರೆ. ಜೊತೆಗೆ ಹಪ್ಪಳ, ಸಂಡಿಗೆ, ಹುಣಸೆಹಣ್ಣಿನ ಗಂಟು. ಬಂದ ಎರಡನೆಯ ವಾರದಲ್ಲಿ "ಹೇಗೂ ಬಂದಿದ್ದಾಯಿತು, ಒಂದು ಸಲ ಡಾಕ್ಟರಿಗೆ ತೋರಿಸಿಬಿಡೋಣ" ಎಂದು ಹೊರಡಿಸುತ್ತೇವೆ.

ಮೂರು ವರ್ಷಗಳ ಹಿಂದೆ ನಾವೂ ಹಾಸನ ಜಿಲ್ಲೆಯ ಹಳ್ಳಿಯಿಂದ ಬಂದಿದ್ದ ನಮ್ಮ ತಾಯಿಯವರನ್ನು ಇಲ್ಲಿನ ಒಂದು ಆಸ್ಪತ್ರೆಗೆ ಕರೆದೊಯ್ದೆವು. ಡಾಕ್ಟರನ್ನು ಕಾಣುವ ಮೊದಲು ಒಬ್ಬ ಹುಡುಗಿ ಅಚ್ಚಾದ ಹಾಳೆಯೊಂದನ್ನು ಹಿಡಿದು ಬಂದಳು. ಆಕೆ ಹಿಂದಿಯಲ್ಲಿ ಕೇಳುವುದು, ನಾವು ಕನ್ನಡದಲ್ಲಿ ಹೇಳುವುದು. ಟೆಲಿಫೋನು ಬಳಸುತ್ತಾರೆಯೇ? "ಒತ್ತಿಕೊಟ್ಟರೆ ಮಾತಾಡ್ತೀನಿ." ಒಬ್ಬರೇ ಅಂಗಡಿಗೆ ಹೋಗುತ್ತಾರೆಯೇ? "ಎರಡು ಮಹಡಿ ಇಳಿದು, ಭಾಷೆ ಬರದೆ ಎಲ್ಲಿಗೆ ಹೋಗಲಿ?" ಅಡುಗೆ? "ಸೊಸೆ ಇದ್ದಾಳಲ್ಲ." ಬಟ್ಟೆ ಒಗೆಯುವುದು? "ಮಿಶಿನ್ ಇದೆ." ಮಾತ್ರೆ? "ಮಗ ಕೊಡ್ತಾನೆ." ದುಡ್ಡು ಕಾಸು? "ಇಲ್ಲಿ ನನಗೇನು ಖರ್ಚು?" ಹುಡುಗಿ ಕೂಡಿಸಿ ನೋಡಿದಳು. ಎಂಟಕ್ಕೆ ಎರಡು. ಹಾಳೆಯ ಕೆಳಗೆ "ಪರಾವಲಂಬಿ" ಎಂಬ ಅರ್ಥದ ಇಂಗ್ಲಿಷ್ ಪದವನ್ನು ಬರೆದು ಒಳಗೆ ಕಳುಹಿಸಿದಳು.

ಊರಿನಲ್ಲಿ ಇದೇ ನಮ್ಮ ತಾಯಿ ಕೋಳಿ ಕೂಗುವ ಮೊದಲು ಎದ್ದು ಹಸು ಕರೆದು, ಡೇರಿಗೆ ಹಾಲು ಹಾಕಿ ಬರುತ್ತಾರೆ. ಹದಿನೈದು ದಿನದ ಬಟವಾಡೆಯಲ್ಲಿ ಒಂದು ಲೀಟರು ಕಡಿಮೆಯಾದರೂ ಕಾರ್ಯದರ್ಶಿಯನ್ನು ನಿಲ್ಲಿಸಿ ಕೇಳುತ್ತಾರೆ. ಆ ಹುಡುಗಿಯ ತಪ್ಪೇನೂ ಇರಲಿಲ್ಲ. ಕೊಟ್ಟ ಹಾಳೆಯನ್ನು ಕೊಟ್ಟ ರೀತಿಯಲ್ಲಿ ತುಂಬಿದಳು. ಗುಮಾಸ್ತೆ ಕೆಲಸದಲ್ಲಿ ಇಪ್ಪತ್ತು ವರ್ಷ ಕಳೆದ ನಮಗೆ ಅದು ಗೊತ್ತಾಗದೆ ಹೋದೀತೆ? ಆದರೆ ಬಿ.ಎಸ್ಸಿ. ತರಗತಿಯಲ್ಲಿ ಕಲಿತದ್ದೊಂದು ನೆನಪಾಯಿತು. ವರ್ನಿಯರ್ ಕ್ಯಾಲಿಪರ್ಸ್ ಕೈಗೆ ತೆಗೆದುಕೊಂಡರೆ ಮೊದಲು ಅದರ ಶೂನ್ಯದೋಷವನ್ನು ನೋಡಬೇಕು. ಏನನ್ನೂ ಹಿಡಿಯದೆ ಇದ್ದಾಗಲೇ ಅದು ಎಷ್ಟು ತೋರಿಸುತ್ತಿದೆ ಎಂದು ತಿಳಿಯದೆ ಅಳೆದ ಅಳತೆಗೆ ಬೆಲೆಯಿಲ್ಲ. ಹಾಗಾದರೆ ಈ ಅಳತೆಗೋಲು ಎಲ್ಲಿ ತಯಾರಾಯಿತು, ಯಾರನ್ನು ಅಳೆಯಲು ತಯಾರಾಯಿತು? ಇದನ್ನು ಹುಡುಕಿಕೊಂಡು ಹೊರಟಾಗ ನಮಗೆ ಸಿಕ್ಕ ಚರಿತ್ರೆಯನ್ನು ಓದುಗರೊಡನೆ ಹಂಚಿಕೊಳ್ಳುವುದೇ ಈ ಲೇಖನದ ಉದ್ದೇಶ.

ಆಸ್ಪತ್ರೆಯ ಮಂಚದಿಂದ

ಮುದುಕರಾದವರಿಗೆ ಯಾವ ರೋಗ ಎಂದು ಕೇಳುವುದು ಹಳೆಯ ವೈದ್ಯರ ಪದ್ಧತಿ. ಅವರು ತಮ್ಮ ಕೆಲಸಗಳನ್ನು ತಾವೇ ಮಾಡಿಕೊಳ್ಳುತ್ತಾರೆಯೇ ಎಂದು ಕೇಳುವುದು ತೀರ ಈಚಿನದು. ಎರಡನೆಯ ಮಹಾಯುದ್ಧ ಮುಗಿದ ಹೊಸದರಲ್ಲಿ ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್ ಪಟ್ಟಣದಲ್ಲಿ ಷೆಲ್ಡನ್ ಎಂಬ ವೈದ್ಯರು ಆಸ್ಪತ್ರೆಯನ್ನು ಬಿಟ್ಟು ಮನೆಗಳಿಗೆ ಹೋಗಿ ವೃದ್ಧರನ್ನು ಕಂಡು, ಅವರು ಹೇಗೆ ಬದುಕುತ್ತಿದ್ದಾರೆಂದು ವಿಚಾರಿಸಿದರು. ಮುಪ್ಪಿನ ಸಾಮಾಜಿಕ ವೈದ್ಯಶಾಸ್ತ್ರವನ್ನು ಕುರಿತ ಅವರ ಪುಸ್ತಕ 1948ರಲ್ಲಿ ಹೊರಬಂದಿತು. ಎಷ್ಟು ಮಂದಿ ಹೊಸಲು ದಾಟುತ್ತಾರೆ, ಎಷ್ಟು ಮಂದಿ ಮನೆಯೊಳಗೇ ಉಳಿದಿದ್ದಾರೆ, ಅವರನ್ನು ನೋಡಿಕೊಳ್ಳುವವರು ಯಾರು – ಇಂಥ ಸಾಮಾನ್ಯ ಪ್ರಶ್ನೆಗಳಿಗೂ ವೈದ್ಯಶಾಸ್ತ್ರದಲ್ಲಿ ಸ್ಥಾನವಿದೆ ಎಂದು ತೋರಿಸಿದ ಪ್ರಯತ್ನಗಳಲ್ಲಿ ಅದು ಮುಖ್ಯವಾದದ್ದು.

ಆದರೆ ಅಂಕಿಯಲ್ಲಿ ಅಳೆಯುವ ಕೋಲು ಬಂದದ್ದು ಅಮೆರಿಕದಿಂದ. ಓಹಿಯೋ ರಾಜ್ಯದ ಕ್ಲೀವ್‌ಲೆಂಡ್ ನಗರದಲ್ಲಿ ಸಿಡ್ನಿ ಕಾಟ್ಜ್ ಎಂಬ ವೈದ್ಯರು ಮತ್ತು ಅವರ ಸಂಗಡಿಗರು ಸೊಂಟದ ಮೂಳೆ ಮುರಿದುಕೊಂಡು ಆಸ್ಪತ್ರೆ ಸೇರಿದ ವೃದ್ಧರನ್ನು ದಿನಗಟ್ಟಲೆ ಗಮನಿಸಿದರು. 1963ರಲ್ಲಿ ಅಮೆರಿಕದ ವೈದ್ಯ ಸಂಘದ ಪತ್ರಿಕೆಯಲ್ಲಿ ಅವರ ಲೇಖನ ಪ್ರಕಟವಾಯಿತು. ಅವರು ಆರಿಸಿದ್ದು ಕೇವಲ ಆರು ಕೆಲಸಗಳು: ಸ್ನಾನ, ಬಟ್ಟೆ ಉಡುವುದು, ಶೌಚಕ್ಕೆ ಹೋಗಿಬರುವುದು, ಹಾಸಿಗೆಯಿಂದ ಎದ್ದು ಕುರ್ಚಿಗೆ ಬರುವುದು, ಮಲಮೂತ್ರದ ಹಿಡಿತ, ಊಟ. ಆರನ್ನೂ ತಾನೇ ಮಾಡಿಕೊಳ್ಳುವವರು 'ಎ' ದರ್ಜೆ. ಆರಕ್ಕೂ ಇನ್ನೊಬ್ಬರ ಕೈ ಬೇಕಾದವರು 'ಜಿ' ದರ್ಜೆ.

ಕಾಟ್ಜ್ ಕಂಡುಕೊಂಡ ಒಂದು ಸಂಗತಿ ಬಹಳ ಸ್ವಾರಸ್ಯಕರವಾದದ್ದು. ಈ ಶಕ್ತಿಗಳು ಮನಸ್ಸಿಗೆ ಬಂದಂತೆ ಹೋಗುವುದಿಲ್ಲ, ಅವಕ್ಕೊಂದು ಕ್ರಮವಿದೆ. ಮೊದಲು ಸ್ನಾನದಲ್ಲಿ ಸಹಾಯ ಬೇಕಾಗುತ್ತದೆ, ಕೊನೆಗೆ ಊಟದಲ್ಲಿ. ಚೇತರಿಸಿಕೊಳ್ಳುವಾಗ ಇದು ತಿರುವುಮುರುವು: ಊಟ ಮೊದಲು, ಸ್ನಾನ ಕೊನೆಗೆ. ಮಗು ಈ ಕೆಲಸಗಳನ್ನು ಕಲಿಯುವ ಕ್ರಮವೂ ಇದನ್ನೇ ಹೋಲುತ್ತದೆಂದು ಅವರು ಹೇಳಿದರು. ಮುಪ್ಪು ಎರಡನೆಯ ಬಾಲ್ಯ ಎಂದು ನಮ್ಮ ಹಿರಿಯರು ಆಡುತ್ತಿದ್ದ ಮಾತಿಗೆ ಆಸ್ಪತ್ರೆಯಲ್ಲಿ ಪುರಾವೆ ದೊರೆತಂತಾಯಿತು.

ಅದೇ ಲೇಖನದ ಇನ್ನೊಂದು ನಿಯಮವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ರೋಗಿಗೆ ಶಕ್ತಿಯಿದ್ದರೂ ಆತ ಮಾಡಲು ಒಪ್ಪದಿದ್ದರೆ ಮಾಡಲಿಲ್ಲವೆಂದೇ ಬರೆಯಬೇಕು. ಅಳೆಯುವುದು ಮಾಡುತ್ತಿರುವುದನ್ನು, ಮಾಡಬಲ್ಲದ್ದನ್ನಲ್ಲ. ಆಸ್ಪತ್ರೆಯ ವಾರ್ಡಿನಲ್ಲಿ ಇದು ಸರಿಯಾದ ನಿಯಮ. ದಾದಿಗೆ ಬೇಕಾದದ್ದು ಇಂದು ಎಷ್ಟು ಜನರಿಗೆ ಸ್ನಾನ ಮಾಡಿಸಬೇಕೆಂಬ ಲೆಕ್ಕ. ಆದರೆ ಈ ಸಣ್ಣ ನಿಯಮವೇ ಮುಂದೆ ನಮ್ಮ ಹಳ್ಳಿಗಳಿಗೆ ಬಂದಾಗ ದೊಡ್ಡ ತೊಡಕಾಯಿತು.

1965ರಲ್ಲಿ ಮೇರಿಲ್ಯಾಂಡ್ ರಾಜ್ಯದಿಂದ ಇನ್ನೊಂದು ಕೋಲು ಬಂದಿತು. ಫ್ಲಾರೆನ್ಸ್ ಮಹೋನಿ ಎಂಬ ವೈದ್ಯೆ ಮತ್ತು ಡೊರೊಥಿಯಾ ಬಾರ್ತೆಲ್ ಎಂಬ ವ್ಯಾಯಾಮ ಚಿಕಿತ್ಸಕಿ ರೂಪಿಸಿದ ಇದರಲ್ಲಿ ಹತ್ತು ಬಾಬುಗಳು, ನೂರು ಅಂಕ. ನಡೆಯುವುದು, ಮೆಟ್ಟಿಲು ಹತ್ತುವುದು ಇದರಲ್ಲಿ ಸೇರಿದವು. ಪಾರ್ಶ್ವವಾಯು ಹೊಡೆದವರ ಚೇತರಿಕೆಯನ್ನು ನೋಡಲು ಇಂದಿಗೂ ಇದು ಬಳಕೆಯಲ್ಲಿದೆ.

ಇವೆರಡೂ ದೇಹವನ್ನು ಮಾತ್ರ ನೋಡಿದವು. ಊಟ, ಸ್ನಾನ ಮಾಡಬಲ್ಲವರೆಲ್ಲ ಸಂಸಾರ ನಡೆಸಬಲ್ಲರೇ? ಫಿಲಡೆಲ್ಫಿಯಾದ ಪಾವೆಲ್ ಲಾಟನ್ ಮತ್ತು ಎಲೇನ್ ಬ್ರಾಡಿ 1969ರಲ್ಲಿ ಇದಕ್ಕೆ ಎಂಟು ಪ್ರಶ್ನೆಗಳ ಪಟ್ಟಿ ಮಾಡಿದರು: ಟೆಲಿಫೋನು, ಅಂಗಡಿ, ಅಡುಗೆ, ಮನೆಗೆಲಸ, ಬಟ್ಟೆ ಒಗೆತ, ಪ್ರಯಾಣ, ಔಷಧಿ, ಹಣದ ವ್ಯವಹಾರ. ಓದುಗರು ಗುರುತಿಸಿರಬಹುದು, ಆಸ್ಪತ್ರೆಯ ಹುಡುಗಿಯ ಕೈಯಲ್ಲಿದ್ದ ಹಾಳೆ ಈ ವಂಶದ್ದೇ. ತಮಾಷೆಯೆಂದರೆ, ಮೊದಲಿಗೆ ಗಂಡಸರಿಗೆ ಇದರಲ್ಲಿ ಐದೇ ಪ್ರಶ್ನೆ. ಅಡುಗೆ, ಮನೆಗೆಲಸ, ಬಟ್ಟೆ ಒಗೆತ – ಈ ಮೂರನ್ನು ಅವರಿಗೆ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಅವನ್ನು ಮಾಡುವ ರೂಢಿಯೇ ಇಲ್ಲದವರನ್ನು ಅಶಕ್ತರೆಂದು ಬರೆಯುವುದು ಹೇಗೆ? ಫಿಲಡೆಲ್ಫಿಯಾದ ಗಂಡಸರಿಗೆ ತೋರಿಸಿದ ಈ ನ್ಯಾಯ ನಮ್ಮ ಹಳ್ಳಿಯ ಅತ್ತೆಯರಿಗೆ ಸಿಗಲು ಇನ್ನೂ ಮೂವತ್ತು ವರ್ಷ ಬೇಕಾಯಿತು.

ದೆಹಲಿಯ ಪಕ್ಕದ ಇಪ್ಪತ್ತೆಂಟು ಹಳ್ಳಿಗಳು

ಆ ನ್ಯಾಯ ಸಿಕ್ಕಿದ್ದು ಎಲ್ಲೋ ದೂರದಲ್ಲಲ್ಲ, ನಮ್ಮ ದೆಹಲಿಯ ಮಗ್ಗುಲಲ್ಲೇ ಎಂಬುದು ನಮಗೂ ಆಶ್ಚರ್ಯ ತಂದಿತು. ಇಂದು ಕೇಂದ್ರ ಸಚಿವಾಲಯ ನಿಲ್ದಾಣದಲ್ಲಿ ಮೆಟ್ರೊ ರೈಲಿನ ನೇರಳೆ ಮಾರ್ಗ ಹತ್ತಿದರೆ ಎಲ್ಲೂ ಇಳಿಯದೆ ಬಲ್ಲಭಗಢಕ್ಕೆ ಹೋಗಬಹುದು. 2018ರಲ್ಲಿ ಮಾರ್ಗ ಅಲ್ಲಿಯವರೆಗೆ ಬೆಳೆಯಿತು. 1965ರಲ್ಲಿ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯವರು ಗ್ರಾಮಾಂತರ ಆರೋಗ್ಯ ಯೋಜನೆಯೊಂದನ್ನು ಅಲ್ಲಿ ಆರಂಭಿಸಿದಾಗ ಹರಿಯಾಣ ರಾಜ್ಯವೇ ಇನ್ನೂ ಹುಟ್ಟಿರಲಿಲ್ಲ. ದಯಾಲ್‌ಪುರ ಮತ್ತು ಛಾಂಯ್ಸಾ ಎಂಬ ಎರಡು ಪ್ರಾಥಮಿಕ ಆರೋಗ್ಯ ಕೇಂದ್ರಗಳು, ಅವಕ್ಕೆ ಸೇರಿದ ಇಪ್ಪತ್ತೆಂಟು ಹಳ್ಳಿಗಳು. ಮನೆಮನೆಯ ಜನನ ಮರಣಗಳನ್ನು ಬರೆದಿಡುವ ಪದ್ಧತಿ ಅಲ್ಲಿ ಬೇರೂರಿತು.

1990ರ ದಶಕದಲ್ಲಿ ಈ ಹಳ್ಳಿಗಳಿಗೆ ಹೊಸ ಪ್ರಶ್ನೆಯೊಂದನ್ನು ಹಿಡಿದು ಭಾರತ–ಅಮೆರಿಕಗಳ ಸಂಶೋಧಕರು ಬಂದರು. ಭಾರತದ ಕಡೆಯಿಂದ ಡಾ. ವಿಜಯ ಚಂದ್ರ, ಪಿಟ್ಸ್‌ಬರ್ಗ್‌ನಿಂದ ಡಾ. ಮೇರಿ ಗಂಗೂಲಿ, ಡ್ಯೂಕ್ ವಿಶ್ವವಿದ್ಯಾಲಯದಿಂದ ಗೆರ್ಡಾ ಫಿಲೆನ್‌ಬಾಮ್ ಮುಂತಾದವರು ಈ ತಂಡದಲ್ಲಿದ್ದರು. ಅಲ್‌ಜೈಮರ್ ಮೊದಲಾದ ಮರೆಗುಳಿ ರೋಗಗಳು ಭಾರತದ ಹಳ್ಳಿಯಲ್ಲಿ ಎಷ್ಟು ಮಂದಿಗಿವೆ ಎಂದು ತಿಳಿಯುವುದು ಅವರ ಗುರಿ. ಆದರೆ ಮರೆವು ಇದ್ದ ಮಾತ್ರಕ್ಕೆ ಅದು ಈ ರೋಗವಾಗುವುದಿಲ್ಲ. ಆ ಮರೆವಿನಿಂದ ದಿನದ ಬಾಳಿಗೆ ಅಡ್ಡಿಯಾಗುತ್ತಿದೆ ಎಂದು ಖಚಿತವಾದರೆ ಮಾತ್ರ ವೈದ್ಯರು ಹಾಗೆ ಹೆಸರಿಡುತ್ತಾರೆ. ಎಂದರೆ ಮೊದಲು ದಿನದ ಬಾಳನ್ನು ಅಳೆಯಬೇಕು. ಅಳೆಯಲು ಕೈಯಲ್ಲಿದ್ದದ್ದು ಅಮೆರಿಕದ ಕೋಲು.

ಆ ಕೋಲು ಅಲ್ಲಿ ನಡೆಯುವಂತಿರಲಿಲ್ಲ. ಟೆಲಿಫೋನು ಯಾರ ಮನೆಯಲ್ಲಿತ್ತು? ಚೆಕ್ಕು ಯಾರು ಬರೆಯುತ್ತಿದ್ದರು? ಅಧ್ಯಯನಕ್ಕೆ ಸೇರಿಸಿಕೊಂಡ 55 ವರ್ಷ ದಾಟಿದ 5,126 ಜನರಲ್ಲಿ ನೂರಕ್ಕೆ 73 ಮಂದಿ ಅನಕ್ಷರಸ್ಥರು. ಇದಕ್ಕಿಂತ ದೊಡ್ಡ ತೊಡಕು ಕೂಡುಕುಟುಂಬ. ಸೊಸೆ ಬಂದ ಮೇಲೆ ಅತ್ತೆ ಒಲೆಯ ಮುಂದೆ ಕೂರದಿದ್ದರೆ ಅದು ಆಕೆಯ ದೌರ್ಬಲ್ಯವಲ್ಲ, ಆಕೆ ಗಳಿಸಿದ ಸ್ಥಾನ. ಮಗ ಮಂಡಿಗೆ ಹೋಗಿ ಧಾನ್ಯ ಮಾರಿ ಬಂದರೆ ಅಪ್ಪನಿಗೆ ಲೆಕ್ಕ ಬಾರದೆಂದಲ್ಲ, ಮಗ ತಲೆಯೆತ್ತಿದನೆಂದು ಅರ್ಥ. ಮಾಡದಿದ್ದರೆ ಮಾಡಲಿಲ್ಲವೆಂದೇ ಬರೆಯಬೇಕು ಎಂಬ ನಿಯಮವನ್ನು ಇಲ್ಲಿ ಅನ್ವಯಿಸಿದರೆ ಊರಿನಲ್ಲಿ ಅತಿ ಹೆಚ್ಚು ಮರ್ಯಾದೆ ಪಡೆದ ಹಿರಿಯರೇ ಅತಿ ಹೆಚ್ಚು ಅಶಕ್ತರಾಗಿ ಕಾಣುತ್ತಾರೆ!

ಸಂಶೋಧಕರು ಹೊಸ ಪ್ರಶ್ನೆಗಳನ್ನು ಕಟ್ಟಿದರು. ಆ ಹಳ್ಳಿಯ ಹಿರಿಯರಿಂದ ಆ ಮನೆಯವರು ಏನನ್ನು ನಿರೀಕ್ಷಿಸುತ್ತಾರೆ ಎಂಬುದರಿಂದ ಆರಂಭಿಸಿ, ಬಹಳಷ್ಟು ಪ್ರಶ್ನೆಗಳನ್ನು ಪರೀಕ್ಷಿಸಿ, ಕೆಲವನ್ನು ಮಾತ್ರ ಉಳಿಸಿಕೊಂಡರು. 1999ರಲ್ಲಿ ಅದು ಪ್ರಕಟವಾಯಿತು. ಅದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿದರೆ 'ಈಸಿ' ಎಂದಾಗುತ್ತದೆ. ಹೆಸರು ಸುಲಭ, ಕೆಲಸ ಸುಲಭದ್ದಾಗಿರಲಿಲ್ಲ.

ಅದರ ಪ್ರಶ್ನೆಗಳ ಬಗೆಯನ್ನು ನೋಡಿ. ಊಟ ಮಾಡಿದ್ದನ್ನು ಮರೆತು ಮತ್ತೆ ಊಟ ಕೇಳುತ್ತಾರೆಯೇ? ಬಟ್ಟೆಯನ್ನು ತಪ್ಪಾಗಿ ಉಡುತ್ತಾರೆಯೇ? ಹಳ್ಳಿಯಲ್ಲೇ ದಾರಿ ತಪ್ಪುತ್ತಾರೆಯೇ? ಹೋಳಿ, ದೀಪಾವಳಿಯಂಥ ಹಬ್ಬಗಳ ನೆನಪಿದೆಯೇ? ಯಾರಿಗಾದರೂ ಹೇಳಿ ಬಾ ಎಂದು ಕಳುಹಿಸಿದರೆ ಸುದ್ದಿಯನ್ನು ಸರಿಯಾಗಿ ಮುಟ್ಟಿಸುತ್ತಾರೆಯೇ? ನಾಲ್ಕು ಜನರ ಜೊತೆ ಕೂಡಿ ಮಾಡುವ ಕೆಲಸದಲ್ಲಿ ಸೇರುತ್ತಾರೆಯೇ? ಮನೆಯ ಮದುವೆಯಂಥ ವಿಷಯದಲ್ಲಿ ತಮ್ಮ ಅಭಿಪ್ರಾಯ ಹೇಳುತ್ತಾರೆಯೇ? ಊರಿನ ಆಗುಹೋಗುಗಳ ಬಗ್ಗೆ ಸಮಂಜಸವಾಗಿ ಮಾತನಾಡುತ್ತಾರೆಯೇ?

ಟೆಲಿಫೋನು ಹೋಗಿ ಸುದ್ದಿ ಮುಟ್ಟಿಸುವುದು ಬಂದಿತು. ಬ್ಯಾಂಕು ಹೋಗಿ ಮದುವೆಯ ಮಾತು ಬಂದಿತು. ನಮ್ಮ ದೃಷ್ಟಿಯಲ್ಲಿ ಇದು ಬರಿಯ ಭಾಷಾಂತರವಲ್ಲ. ಅಮೆರಿಕದ ಪಟ್ಟಿ 'ಈತ ಒಬ್ಬನೇ ಬಾಳಬಲ್ಲನೇ?' ಎಂದು ಕೇಳುತ್ತದೆ. ಬಲ್ಲಭಗಢದ ಪಟ್ಟಿ 'ಈತ ನಾಲ್ವರ ನಡುವೆ ತನ್ನ ಪಾಲಿನ ಕೆಲಸ ಮಾಡಬಲ್ಲನೇ?' ಎಂದು ಕೇಳುತ್ತದೆ. ಸ್ವಾವಲಂಬನೆ ಎಂಬ ಒಂದೇ ಪದಕ್ಕೆ ಎರಡು ಕಡೆ ಎರಡು ಅರ್ಥ.

ಮತ್ತೊಂದು ವಿಶೇಷ: ಈ ಪ್ರಶ್ನೆಗಳನ್ನು ಕೇಳುವುದು ವೃದ್ಧರನ್ನಲ್ಲ, ಅವರನ್ನು ದಿನವೂ ನೋಡುವ ಮನೆಯವರನ್ನು. ನಿಮಗೆ ಮರೆವಿದೆಯೇ ಎಂದು ಮರೆತವರನ್ನೇ ಕೇಳಿ ಪ್ರಯೋಜನವೇನು?

1998ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಆ ಹಳ್ಳಿಗಳಲ್ಲಿ 65 ವರ್ಷ ದಾಟಿದವರಲ್ಲಿ ನೂರಕ್ಕೆ 1.36 ಮಂದಿಗೆ ಮರೆಗುಳಿ ರೋಗವಿತ್ತು. ಪ್ರಪಂಚದ ಬೇರೆಡೆಗಳಿಗೆ ಹೋಲಿಸಿದರೆ ಇದು ಬಹಳ ಕಡಿಮೆ. ಹಳ್ಳಿಯ ಬಾಳು ಒಳ್ಳೆಯದೆಂದು ನಾವು ಹಿಗ್ಗಬೇಕಾಗಿಲ್ಲ. ಅಲ್ಲಿನ ಜನ ಅಷ್ಟು ಮುಪ್ಪಿನವರೆಗೆ ಬದುಕದಿರಬಹುದು, ರೋಗ ಹಿಡಿದವರು ಬೇಗ ತೀರಿಕೊಂಡಿರಬಹುದು, ರೋಗಕ್ಕೆ ಕಾರಣವಾಗುವ ಅಂಶಗಳೇ ಅಲ್ಲಿ ಬೇರೆಯಿರಬಹುದು ಎಂದು ಸಂಶೋಧಕರು ಸಂಯಮದಿಂದಲೇ ಬರೆದಿದ್ದಾರೆ.

ಈಚಿನ ಹೆಜ್ಜೆಗಳು

2001ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅಂಗೀಕರಿಸಿದ ಹೊಸ ವರ್ಗೀಕರಣದಲ್ಲಿ ಒಬ್ಬ ಮನುಷ್ಯನ ಸಾಮರ್ಥ್ಯ ಬೇರೆ, ಆತ ತನ್ನ ಪರಿಸರದಲ್ಲಿ ನಡೆಸುವುದು ಬೇರೆ ಎಂದು ಎರಡನ್ನೂ ಪ್ರತ್ಯೇಕವಾಗಿ ಬರೆಯುವ ಏರ್ಪಾಡು ಬಂದಿತು. ಕಾಟ್ಜ್ ಕಾಲದಲ್ಲಿ ಒಂದಾಗಿದ್ದ 'ಮಾಡುವುದಿಲ್ಲ' ಮತ್ತು 'ಮಾಡಲಾರರು' ಈಗ ಎರಡು ಅಂಕಣಗಳಾದವು. ಕನ್ನಡದಲ್ಲಂತೂ ಇವೆರಡೂ ಮೊದಲಿನಿಂದಲೂ ಎರಡು ಬೇರೆ ಕ್ರಿಯಾಪದಗಳೇ.

ನಮ್ಮ ದೇಶದಲ್ಲಿ ಈ ಲೆಕ್ಕ ಏಕೆ ಮುಖ್ಯ? 2011ರ ಜನಗಣತಿಯಲ್ಲಿ 60 ವರ್ಷ ದಾಟಿದವರು 10 ಕೋಟಿಗೂ ಹೆಚ್ಚು. ಅವರಲ್ಲಿ ನೂರಕ್ಕೆ ಸುಮಾರು 71 ಮಂದಿ ಹಳ್ಳಿಗಳಲ್ಲಿದ್ದರು. 2017–18ರಲ್ಲಿ ಮುಂಬಯಿಯ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನಗಳ ಸಂಸ್ಥೆ ಮತ್ತಿತರರು ದೇಶದಾದ್ಯಂತ 45 ವರ್ಷ ದಾಟಿದ 72 ಸಾವಿರಕ್ಕೂ ಹೆಚ್ಚು ಜನರನ್ನು ಮನೆಮನೆಗೆ ಹೋಗಿ ವಿಚಾರಿಸಿದರು. 60 ದಾಟಿದವರಲ್ಲಿ ಸುಮಾರು ಕಾಲುಭಾಗದಷ್ಟು ಮಂದಿಗೆ ಸ್ನಾನ, ಊಟದಂಥ ಕೆಲಸಗಳಲ್ಲಿ ಒಂದರಲ್ಲಾದರೂ ತೊಂದರೆಯಿತ್ತು. ಅಂಗಡಿ, ಔಷಧಿ, ಹಣದಂಥ ಕೆಲಸಗಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ. ಆ ಅರ್ಧದಲ್ಲಿ ಮಾಡುವ ರೂಢಿ ಇಲ್ಲದವರೆಷ್ಟು, ಮಾಡಲಾರದವರೆಷ್ಟು ಎಂಬ ನಮ್ಮ ಹಳೆಯ ಪ್ರಶ್ನೆಯನ್ನು ಓದುವವರು ಮನಸ್ಸಿನಲ್ಲಿ ಇಟ್ಟುಕೊಂಡಿರಬೇಕು.

ಕನ್ನಡನಾಡಿನಲ್ಲೂ ಇಂಥ ಕೆಲಸ ನಡೆದಿದೆ ಎಂಬುದು ಸಂತೋಷದ ಸಂಗತಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದವರು 2018ರಲ್ಲಿ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ ದೀರ್ಘಕಾಲದ ಅಧ್ಯಯನವೊಂದನ್ನು ಆರಂಭಿಸಿದರು. 45 ವರ್ಷ ದಾಟಿದ ಹತ್ತು ಸಾವಿರ ಗ್ರಾಮಸ್ಥರನ್ನು ಮತ್ತೆ ಮತ್ತೆ ನೋಡುತ್ತಾ ಹೋಗುವ ಯೋಜನೆ ಅದು. ಒಂದೇ ದಿನದ ಅಂಕಿಗಿಂತ ಇದು ಮೇಲು. ಮೊದಲು ಮಾಡುತ್ತಿದ್ದವರು ಈಗ ಬಿಟ್ಟಿದ್ದಾರೆಯೇ ಎಂಬುದು ವರ್ಷ ವರ್ಷ ನೋಡಿದವರಿಗೆ ತಾನೆ ತಿಳಿಯುವುದು?

ದೋಷ ಎರಡು ಕಡೆಗೂ

ಇಷ್ಟೆಲ್ಲ ಓದಿದ ಮೇಲೆ ನಮಗೆ ಸ್ವಲ್ಪ ಅಹಂಕಾರವೇ ಬಂದಿತ್ತೆಂದು ಒಪ್ಪಿಕೊಳ್ಳಬೇಕು. ಆಸ್ಪತ್ರೆಯ ಹಾಳೆ ನಮ್ಮ ತಾಯಿಯನ್ನಲ್ಲ, ದೆಹಲಿಯನ್ನು ಅಳೆದಿತ್ತು. ಊರಿನಲ್ಲಿ ಅವರಿಗೆ ಏನೂ ಆಗಿಲ್ಲ ಎಂದು ನಿಶ್ಚಿಂತರಾದೆವು. ಪ್ರತಿ ಭಾನುವಾರ ಫೋನಿನಲ್ಲಿ "ಹೇಗಿದೀಯಮ್ಮ?" ಎಂದರೆ "ಚೆನ್ನಾಗಿದೀನಿ ಮಗ" ಎಂಬ ಉತ್ತರ. ಎರಡು ವರ್ಷ ಹಾಗೆಯೇ ಕಳೆಯಿತು.

ಹೋದ ದೀಪಾವಳಿಗೆ ಊರಿಗೆ ಹೋದಾಗ ಬಲ್ಲಭಗಢದವರ ಪದ್ಧತಿಯನ್ನೇ ಅನುಸರಿಸೋಣವೆಂದು, ತಾಯಿಯವರು ಹಟ್ಟಿಯಲ್ಲಿದ್ದಾಗ ತಮ್ಮನ ಹೆಂಡತಿಯನ್ನು ವಿಚಾರಿಸಿದೆವು. ಹಬ್ಬ ಹರಿದಿನದ ನೆನಪು? ಎಲ್ಲ ಇದೆ. ಮದುವೆ ಮಾತು? ಕೇಳಲೇಬೇಡಿ. ದಾರಿ? ತಪ್ಪಿಲ್ಲ. ಸಂತೆ? ಆಕೆ ಸ್ವಲ್ಪ ತಡೆದು, "ಅತ್ತೆ ಸಂತೆಗೆ ಹೋಗೋದು ಬಿಟ್ಟು ಒಂದು ವರ್ಷ ಆಯ್ತು ಭಾವ. ಡೇರಿ ದುಡ್ಡನ್ನೂ ಇವರೇ ಈಸ್ಕೊಂಡು ಬರ್ತಾರೆ. ನಿಮಗೆ ಹೇಳಬೇಡ ಅಂದಿದ್ರು" ಎಂದಳು.

ನಮ್ಮ ಎದೆ ಧಸಕ್ಕೆಂದಿತು. ಹಣದ ಲೆಕ್ಕ ತಪ್ಪುವುದು ಯಾವುದರ ಮೊದಲ ಗುರುತೆಂದು ನಾವು ಓದಿದ್ದೆವಲ್ಲ! 'ಅರವತ್ತಕ್ಕೆ ಅರಳು ಮರಳು' ಎಂದು ನಗೆಯಾಡಿ ಬಿಡುವ ಗಾದೆ ಆ ಹೊತ್ತಿಗೆ ನಗೆ ತರಲಿಲ್ಲ. ಸಂಜೆ ತಾಯಿಯವರ ಪಕ್ಕದಲ್ಲಿ ಕೂತು ಮೆಲ್ಲಗೆ ಕೇಳಿದೆವು. ಬಹಳ ಹೊತ್ತು ಸುಮ್ಮನಿದ್ದು, "ಒಂದು ರೂಪಾಯಿ ಯಾವುದು, ಎರಡು ರೂಪಾಯಿ ಯಾವುದು ಅಂತ ಕಾಣಲ್ಲ ಮಗ. ಸಂತೇಲಿ ಒಬ್ಬನ ಹತ್ತಿರ ಜಗಳ ಆಯ್ತು. ನಾಕು ಜನದ ಮುಂದೆ ಮುದುಕಿ ಮೋಸ ಮಾಡ್ತಾಳೆ ಅನ್ನಿಸ್ಕೊಂಡೆ. ಅವತ್ತಿಂದ ಹೋಗಿಲ್ಲ" ಎಂದರು.

ಕಣ್ಣಿನ ಪೊರೆ. ಮರೆವಲ್ಲ. ತಿಂಗಳೊಳಗೆ ಒಂದು ಕಣ್ಣಿಗೆ, ಆಮೇಲೆ ಇನ್ನೊಂದಕ್ಕೆ ಶಸ್ತ್ರಚಿಕಿತ್ಸೆಯಾಯಿತು.

ಮೊದಲ ಸಲ ಹಾಳೆ ನಮ್ಮ ತಾಯಿಯನ್ನು ಇರುವುದಕ್ಕಿಂತ ಕಡಿಮೆ ತೋರಿಸಿತು. ಎರಡನೆಯ ಸಲ ನಮ್ಮ ಭಾನುವಾರದ ಫೋನು ಇರುವುದಕ್ಕಿಂತ ಹೆಚ್ಚು ತೋರಿಸಿತು. ಶೂನ್ಯದೋಷ ಎರಡು ಕಡೆಗೂ ಇರುತ್ತದೆ. ಆದ್ದರಿಂದ ನಮ್ಮ ಓದುಗರಲ್ಲಿ, ಮುಖ್ಯವಾಗಿ ಊರಿನಲ್ಲಿ ಹಿರಿಯರನ್ನು ಬಿಟ್ಟು ಬಂದವರಲ್ಲಿ, ನಮ್ಮದೊಂದು ವಿನಂತಿ. ಹೇಗಿದ್ದೀರಿ ಎಂದು ಕೇಳುವುದರ ಜೊತೆಗೆ ಈ ವಾರ ಸಂತೆಗೆ ಹೋಗಿದ್ದಿರಾ, ಯಾರ ಮನೆಯ ಕಾರ್ಯಕ್ಕೆ ಹೋಗಿದ್ದಿರಿ, ಏನು ಮಾತಾಯಿತು ಎಂದು ಕೇಳಿ. ಮನೆಯಲ್ಲಿ ದಿನವೂ ನೋಡುವವರನ್ನು ಬೇರೆಯಾಗಿ ಕೇಳಿ. ಯಾವುದನ್ನಾದರೂ ಬಿಟ್ಟಿದ್ದರೆ, ಮಾಡುವುದಿಲ್ಲವೋ ಮಾಡಲಾರರೋ ಎಂದು ತಿಳಿಯಿರಿ. ಮಾಡಲಾರರೆಂದರೆ ಏಕೆಂದು ತಿಳಿಯುವವರೆಗೆ ಬಿಡಬೇಡಿ. ಅಂಕಿ ಹಾಕುವ ಕೆಲಸವನ್ನು ವೈದ್ಯರಿಗೆ ಬಿಡೋಣ. ಎಲ್ಲಿ ನೋಡಬೇಕೆಂದು ತೋರಿಸುವ ಕೆಲಸ ಮನೆಯವರದು.

ನಮ್ಮ ತಾಯಿಯವರು ಈಗ ಮತ್ತೆ ಸಂತೆಗೆ ಹೋಗುತ್ತಿದ್ದಾರೆ. ಚೀಲ ಹೊರುವುದಕ್ಕೆ ಪಕ್ಕದ ಮನೆಯ ಹುಡುಗನೊಬ್ಬ ಜೊತೆಗಿರುತ್ತಾನೆ. ಮೊನ್ನೆ ಫೋನಿನಲ್ಲಿ ಬದನೆಕಾಯಿಯ ರೇಟು ಹೇಳಿ, ದೆಹಲಿಯಲ್ಲಿ ಎಷ್ಟು ಎಂದು ಕೇಳಿದರು. ನಮಗೆ ಗೊತ್ತಿರಲಿಲ್ಲ. ನಮ್ಮ ಮನೆಗೆ ತರಕಾರಿ ತರುವುದು ನಾವಲ್ಲವಲ್ಲ!